ಬುಧವಾರದ ಪ್ಲಾಸ್ಟರ್

ಆ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದು ಊಟದ ಹೊತ್ತಿಗೇ. ಬೇರೆ ಹೊತ್ತಿನಲ್ಲಿ ಜಗಳವಾಡಲು ಯಾರಿಗೂ ಪುರುಸೊತ್ತು ಇರಲಿಲ್ಲ. ಮೆಕ್ಯಾನಿಕ್ ಬೆಳಗ್ಗೆ ಏಳಕ್ಕೆ ಬಸ್ ಡಿಪೋಗೆ ಹೋದರೆ ಬರುವುದು ಸಂಜೆ ಆರಕ್ಕೆ. ಅವನ ಹೆಂಡತಿ ಬಾಗಿಲ ಪಕ್ಕದ ಬೆಳಕಿನಲ್ಲಿ ಕೂತು, ಹೊಲಿಗೆ ಕಾರ್ಖಾನೆಯಿಂದ ಮೂಟೆಗಟ್ಟಲೆ ಬರುವ ಅಂಗಿಗಳಿಗೆ ಕಾಜ ಹೊಲಿದು ಗುಂಡಿ ಹಾಕುತ್ತಿದ್ದಳು. ಅವನ ತಾಯಿ ಆ ಅಂಗಿಗಳನ್ನು ಮಡಿಸಿ ಕಟ್ಟು ಕಟ್ಟುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದಿದ್ದ ಅವನ ತಂಗಿ ಎರಡು ಬೀದಿ ಆಚೆಯ ಆರೋಗ್ಯ ಕೇಂದ್ರದಲ್ಲಿ ಆಯಾ. ಏಳು ವರ್ಷದ ಮಗಳು ಚೂಟಿ, ಹೆಸರಿಗೆ ತಕ್ಕ ಹಾಗೆ, ಶಾಲೆಗೂ ಹೋಗಿ ಮನೆಯ ಸುದ್ದಿಯನ್ನೆಲ್ಲ ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಹೊಸದಾಗಿ ಹುಟ್ಟಿದ ಡುಮ್ಮನಿಗೆ ಮಾತ್ರ ಕೆಲಸವಿರಲಿಲ್ಲ. ಜಗಳವೆಲ್ಲ ಅವನ ಸಲುವಾಗಿಯೇ.

"ನಾಳೆ ಬುಧವಾರ," ಎಂದಳು ಅಜ್ಜಿ, ಅನ್ನಕ್ಕೆ ಬೇಳೆ ಕಲಸುತ್ತ. "ಮಗೂಗೆ ಒಂದೂವರೆ ತಿಂಗಳಾಯ್ತು. ಸೂಜಿ ಹಾಕಿಸ್ಬೇಕು."

ಸೊಸೆ ತಲೆ ಎತ್ತಲಿಲ್ಲ. "ಬೇಡ ಅತ್ತೆ."

"ಯಾಕೆ ಬೇಡ? ಊರ ಮಕ್ಕಳಿಗೆಲ್ಲ ಬೇಕು, ನಿನ್ನ ಮಗನಿಗೆ ಬೇಡ್ವಾ?"

"ಎರಡು ವರ್ಷ ಅವನ ಮೈಗೆ ಸೂಜಿ ಮುಟ್ಟಿಸಲ್ಲ ಅಂತ ಮಾತು ಕೊಟ್ಟಿದ್ದೀನಿ. ನಿಮಗೂ ಗೊತ್ತು."

ಮೆಕ್ಯಾನಿಕ್ ನಕ್ಕ. "ಬೆಳಗ್ಗೆಯಿಂದ ಸಂಜೆವರೆಗೂ ಕೈಯಲ್ಲಿ ಸೂಜಿ ಹಿಡಿಯೋಳು ಇವಳು. ಇವಳ ದೇವರಿಗೆ ಸೂಜಿ ಕಂಡ್ರೆ ಆಗಲ್ವಂತೆ."

"ನಗಬೇಡಿ. ಅಲ್ಲಿ ಮಲಗಿದ್ದವನನ್ನ ಮರ್ತ್ರಾ?" ಎಂದು ಅವಳು ಮೂಲೆಯ ಕಡೆ ನೋಡಿದಳು. ಅಲ್ಲಿ ಈಗ ಅಂಗಿಯ ಮೂಟೆಗಳಿದ್ದವು. ಅವನ ನಗು ಅಲ್ಲಿಗೇ ನಿಂತಿತು.

ಚೂಟಿಗೂ ಡುಮ್ಮನಿಗೂ ನಡುವೆ ಇನ್ನೊಬ್ಬ ಹುಟ್ಟಿದ್ದ. ಮೂರು ತಿಂಗಳಾಗಿದ್ದಾಗ ಅವನಿಗೆ ಭೇದಿ ಹತ್ತಿತ್ತು. ಈ ವಾರ ಬೇಡ ಎಂದು ತಾಯಿ ಹೇಳಿದರೂ, ತಾರೀಖು ತಪ್ಪಬಾರದು ಎಂದು ಅಜ್ಜಿ ಹಟ ಹಿಡಿದು ಅವನನ್ನು ಎತ್ತಿಕೊಂಡು ಹೋಗಿ ಸೂಜಿ ಹಾಕಿಸಿದಳು. ಮರುದಿನ ಮಗು ಹೋಯಿತು. ಮೈಯ ನೀರೆಲ್ಲ ಹೋಗಿತ್ತು, ಸೂಜಿಗೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಇರಬಹುದು. ಆದರೆ ಆ ಮಾತನ್ನು ತಾಯಿಯ ಎದುರು ಕೂತು ನಿಧಾನವಾಗಿ ಹೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಮನೆಯವರು ಹಣೆಬರಹ ಎಂದು ಸುಮ್ಮನಾದರು. ಹತ್ತನೇ ದಿನ ಕಾರ್ಖಾನೆಯವನು ಮೂಟೆ ತಂದು ಹಾಕಿದ, ಅಜ್ಜಿ ಸೊಸೆಯ ಮುಂದೆ ಗುಂಡಿ ಡಬ್ಬಿ ತಂದಿಟ್ಟಳು.

ಆಗ ಅವಳ ಬಳಿಗೆ ಬಂದವರು ಹಿಂದಿನ ಬೀದಿಯ ಪ್ರಾರ್ಥನಾ ಮನೆಯ ಹೆಂಗಸರು. ಅವರು ಅವಳಿಗೆ ತಲೆ ಬಾಚಿದರು, ತುತ್ತು ಕಲಸಿ ಬಾಯಿಗಿಟ್ಟರು, ಅವಳು ಅತ್ತರೆ ಜೊತೆಗೆ ಅತ್ತರು. ಅವರ ಹಿರಿಯಕ್ಕ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, "ಇನ್ನೊಬ್ಬ ಬರ್ತಾನೆ. ಅವನನ್ನ ಭಗವಂತನ ಕೈಗೇ ಬಿಡು," ಎಂದಳು. ವರ್ಷದೊಳಗೆ ಡುಮ್ಮ ಹೊಟ್ಟೆಯಲ್ಲಿದ್ದ. ಇಷ್ಟಾದ ಮೇಲೆ ಅವಳು ಯಾರ ಮಾತು ಕೇಳಬೇಕಿತ್ತು, ನೀವೇ ಹೇಳಿ.

ಪ್ರಾರ್ಥನಾ ಮನೆಯ ನೇಮಗಳೂ ಕೆಟ್ಟವೇನಲ್ಲ. ಮಗುವನ್ನು ಮುಟ್ಟುವ ಮುಂಚೆ ಮೊಣಕೈವರೆಗೆ ಕೈ ತೊಳೆಯಬೇಕು, ನೀರು ಕುದಿಸಿಯೇ ಕುಡಿಯಬೇಕು, ಎರಡು ವರ್ಷ ಎದೆಹಾಲು ಬಿಡಿಸಬಾರದು, ಗಂಡಸರು ಮನೆಯೊಳಗೆ ಬೀಡಿ ಸೇದಬಾರದು. ಮೆಕ್ಯಾನಿಕ್ ಗೊಣಗುತ್ತಲೇ ಬೀಡಿಯನ್ನು ಬೀದಿಗೆ ಒಯ್ದ. ಅದರಲ್ಲಿ ಒಂದೇ ಒಂದು ನೇಮ ಬೇರೆ ಥರದ್ದು, ಅದು ಸೂಜಿಯದು.

"ನಾಳೆ ಸೂಜಿ ಹಾಕಿಸದೆ ಇದ್ರೆ ನೀನು ನಿನ್ನ ತವರಿಗೆ ಹೊರಡು. ಮಗು ಇಲ್ಲೇ ಇರ್ಲಿ," ಎಂದ ಮೆಕ್ಯಾನಿಕ್, ತಟ್ಟೆ ದೂಡಿ ಎದ್ದು.

ಅವಳು ಅಳಲಿಲ್ಲ. ಅಳುವವರನ್ನು ಹೇಗಾದರೂ ಸಮಾಧಾನ ಮಾಡಬಹುದು. ಅವಳು ಹಾಗೇ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದಳು. ಆಯಾ ಅವಳು ಹೋದ ಕಡೆಯೇ ನೋಡಿದಳು. ಕೆಲಸ ಮುಗಿಸಿ ತಡವಾಗಿ ಬಂದರೆ ತನಗೆಂದು ಬಿಸಿ ಅನ್ನ ಮುಚ್ಚಿಡುತ್ತಿದ್ದವಳು ಈ ಅತ್ತಿಗೆ ಒಬ್ಬಳೇ. ಗಂಡನ ಮನೆಯಲ್ಲಿ ಜಗಳ ಕೇಳಿ ಕೇಳಿ ಸಾಕಾಗಿ ಬಂದವಳು ಆಯಾ. ಎಲ್ಲರೂ ನೆಮ್ಮದಿಯಿಂದ ಒಂದು ಹೊತ್ತು ಊಟ ಮಾಡಿದರೆ ಅವಳಿಗೆ ಅಷ್ಟೇ ಸಾಕಿತ್ತು.

ಆರೋಗ್ಯ ಕೇಂದ್ರದಲ್ಲಿ ಬುಧವಾರ ಸೂಜಿಯ ದಿನ. ನರ್ಸಮ್ಮ ಒಬ್ಬಳು, ಮಕ್ಕಳು ಎಂಬತ್ತು. ಅವಳು ಚುಚ್ಚುತ್ತ ಹೋಗುತ್ತಿದ್ದಳು, ಕಾರ್ಡುಗಳ ರಾಶಿ ಆಯಾಳ ಮುಂದೆ ಬೀಳುತ್ತಿತ್ತು. ತಾರೀಖು ಬರೆದು ಮೊಹರು ಒತ್ತುವುದು ಆಯಾಳ ಪಾಲು. ನಿಜವಾಗಿ ಅದು ಅವಳ ಕೆಲಸವಲ್ಲ, ಆದರೆ ನರ್ಸಮ್ಮನಿಗೆ ಇರುವುದು ಎರಡೇ ಕೈ.

ಆ ಬುಧವಾರ ಅತ್ತಿಗೆ ಡುಮ್ಮನನ್ನು ಎದೆಗವುಚಿಕೊಂಡು ಸಾಲಿನಲ್ಲಿ ನಿಂತಿದ್ದಳು, ಪಕ್ಕದಲ್ಲಿ ಚೂಟಿ. ಸಾಲು ಸರಿದಾಗಲೆಲ್ಲ ಅತ್ತಿಗೆ ಹಿಂದಿನವರನ್ನು ಮುಂದೆ ಬಿಡುತ್ತಿದ್ದಳು. ಆಯಾ ಅವಳನ್ನು ಔಷಧಿಯ ಪೆಟ್ಟಿಗೆಗಳಿಟ್ಟಿದ್ದ ಚಿಕ್ಕ ಕೋಣೆಗೆ ಕರೆದಳು. ಕಾರ್ಡ್ ತೆಗೆದುಕೊಂಡು ತಾರೀಖು ಬರೆದಳು, ಮೊಹರು ಒತ್ತಿದಳು. ಕಡಲೆಗಾತ್ರದ ಹತ್ತಿಯ ಉಂಡೆ ಮಾಡಿ ಡುಮ್ಮನ ತೊಡೆಯ ಮೇಲಿಟ್ಟು, ಸುರುಳಿಯಿಂದ ಎರಡು ತುಂಡು ಪ್ಲಾಸ್ಟರ್ ಕತ್ತರಿಸಿ ಅಡ್ಡ ಉದ್ದ ಅಂಟಿಸಿದಳು. ಸುಲಭವಾಗಿ ಕೀಳಲೆಂದು ತುದಿಯನ್ನು ಚೂರು ಮಡಿಸುವುದು ಅವಳ ಅಭ್ಯಾಸ.

ಅತ್ತಿಗೆ ನಾದಿನಿಯ ಕೈಗಳೆರಡನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು.

"ಅತ್ತೆ, ತಮ್ಮನಿಗೆ ಚುಚ್ಚಲೇ ಇಲ್ವಲ್ಲ?" ಎಂದಳು ಚೂಟಿ.

ಆಯಾ ಅವಳ ಗಲ್ಲ ಹಿಡಿದಳು. "ಊಟದ ಹೊತ್ತಲ್ಲಿ ಜಗಳ ಬೇಡ, ಅಲ್ವಾ ಪುಟ್ಟಾ? ಅಪ್ಪನಿಗೆ, ಅಜ್ಜಿಗೆ ಹೇಳ್ಬೇಡ."

ಚೂಟಿ ತಲೆಯಾಡಿಸಿದಳು. ಅವಳಿಗೂ ಊಟದ ಹೊತ್ತು ಅಂದರೆ ಹೆದರಿಕೆ.

ಅಂದು ಮನೆಯಲ್ಲಿ ಎಲ್ಲರೂ ನಗುನಗುತ್ತ ಉಂಡರು. ಅಜ್ಜಿ ಮೊಮ್ಮಗನ ಹಣೆ ಮುಟ್ಟಿ ಮುಟ್ಟಿ ನೋಡಿದಳು. "ಒಂಚೂರೂ ಜ್ವರ ಬಂದಿಲ್ಲ! ಗಟ್ಟಿ ಪಿಂಡ ಕಣೋ ನಿನ್ನ ಮಗ." ಮೆಕ್ಯಾನಿಕ್ ಕಾರ್ಡನ್ನು ಬೆಳಕಿಗೆ ಹಿಡಿದು ಮೊಹರು ನೋಡಿ, ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟ. ಡಿಪೋದಲ್ಲಿ ಪ್ರತಿ ಬಸ್ಸಿಗೂ ಒಂದು ಕಾರ್ಡು. ಬ್ರೇಕು ಪರೀಕ್ಷೆ ಮಾಡಿ ಅವನು ಸಹಿ ಹಾಕಿದ ಮೇಲೆಯೇ ಬಸ್ಸು ಗೇಟು ದಾಟಬೇಕು. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಅವನು ನೋಡದೆ ಸಹಿ ಹಾಕಿರಲಿಲ್ಲ. ಹಾಗಾಗಿ ಕಾರ್ಡೆಂದರೆ ಅವನಿಗೆ ಕಣ್ಣುಮುಚ್ಚಿ ನಂಬುವ ವಸ್ತು.

ತಿಂಗಳಿಗೊಂದರಂತೆ ಇನ್ನೆರಡು ಬುಧವಾರ ಹಾಗೇ ನಡೆಯಿತು. ಪ್ರತಿ ಸಲವೂ ಹತ್ತಿ, ಪ್ಲಾಸ್ಟರು, ಮೊಹರು. ಪ್ರತಿ ಸಲವೂ ಆಯಾ ಇದೇ ಕೊನೆ ಎಂದುಕೊಂಡಳು.

ಡುಮ್ಮ ದುಂಡಗೆ ಬೆಳೆದ. ಬೀದಿಯ ಮಕ್ಕಳಿಗೆಲ್ಲ ಭೇದಿ, ನೆಗಡಿ ಹತ್ತಿದರೂ ಕುದಿಸಿದ ನೀರಿನ, ತೊಳೆದ ಕೈಗಳ ಈ ಕೂಸಿಗೆ ಏನೂ ತಾಗಲಿಲ್ಲ. ತೂಕ ನೋಡಿದ ನರ್ಸಮ್ಮನೇ ತಾಯಿಯನ್ನು ಹೊಗಳಿದಳು. "ನೋಡಿದ್ಯಾ?" ಎಂದು ಅತ್ತಿಗೆ ನಾದಿನಿಯತ್ತ ಕಣ್ಣಲ್ಲೇ ಕೇಳಿದಳು. ಆಯಾಳಿಗೂ ಹೌದೇನೋ ಅನ್ನಿಸತೊಡಗಿತ್ತು. ಎಂಟನೇ ತಿಂಗಳಿಗೆ ಅವನು ಮೂಟೆ ಹಿಡಿದು ನಿಂತು, ಗುಂಡಿ ಡಬ್ಬಿ ಉರುಳಿಸಿ ಕೇಕೆ ಹಾಕುತ್ತಿದ್ದ.

ಒಂದು ಸೋಮವಾರ ಅವನು ಹಾಲು ಬೇಡವೆಂದ. ಎದೆಗೆ ಬಾಯಿಟ್ಟು ಮುಖ ತಿರುಗಿಸಿದ. ಮೈ ಸ್ವಲ್ಪ ಬೆಚ್ಚಗಿತ್ತು, ಅಷ್ಟೇ. ತಾಯಿ ಪ್ರಾರ್ಥನಾ ಮನೆಗೆ ಎತ್ತಿಕೊಂಡು ಹೋದಳು. ಹಿರಿಯಕ್ಕ ಗಂಟಲ ಮೇಲೆ ಕೈಯಿಟ್ಟು, "ಮೂರು ದಿನ. ನಂಬಿಕೆ ಬಿಡಬೇಡ," ಎಂದಳು.

ಮಂಗಳವಾರ ಬೆಳಗ್ಗೆ ಅಜ್ಜಿ ಮಗುವಿನ ಬಾಯಿ ಮೂಸಿದಳು. "ಏನೇ ಇದು, ಕೊಳೆತ ವಾಸನೆ? ಕುತ್ತಿಗೆ ಬೇರೆ ಊದಿದೆ."

"ಇಳಿಯುತ್ತೆ ಅತ್ತೆ."

"ಇಳಿಯೋದಕ್ಕೆ ಅದೇನು ಬಸ್ಸು ಹತ್ತಿದೆಯಾ? ಬರ್ಲಿ ನಿನ್ನ ಗಂಡ."

ಗಂಡ ಬಂದವನೇ ಮೈಯ ಎಣ್ಣೆಜಿಡ್ಡು ಸಹ ತೊಳೆಯದೆ ಮಗುವನ್ನು ಎತ್ತಿಕೊಂಡ. ಹೆಂಡತಿ ಬೇಡವೆನ್ನಲಿಲ್ಲ, ಹಿಂದೆಯೇ ಹೋದಳು. ಮುಖ್ಯ ರಸ್ತೆಯ ಮಕ್ಕಳ ಡಾಕ್ಟರ ಮುಂದೆ ಮೂವತ್ತು ಜನ ಕಾದಿದ್ದರು. ಡಾಕ್ಟರು ಡುಮ್ಮನ ಬಾಯೊಳಗೆ ಟಾರ್ಚ್ ಬಿಟ್ಟು ಸ್ವಲ್ಪ ಹೊತ್ತು ನೋಡಿದರು.

"ಗಂಟಲಲ್ಲಿ ಬೆಳ್ಳಗೆ ಒಂದು ಕಲೆ ಇದೆ. ಆಚೆ ಬಡಾವಣೆಯಲ್ಲಿ ಗಂಟಲಮಾರಿ, ಅದೇ ಡಿಫ್ತೀರಿಯಾ, ಒಂದೆರಡು ಬಂದಿದೆ, ಅದಕ್ಕೇ ಕೇಳ್ತಿದ್ದೀನಿ. ಲಸಿಕೆ ಎಲ್ಲ ಆಗಿದೆಯಾ?"

"ಎಲ್ಲ ಆಗಿದೆ ಸಾರ್." ಮೆಕ್ಯಾನಿಕ್ ಕವರಿನಿಂದ ಕಾರ್ಡ್ ತೆಗೆದು ಮುಂದಿಟ್ಟ. "ಒಂದು ತಾರೀಖೂ ತಪ್ಪಿಲ್ಲ, ನೋಡಿ."

ಡಾಕ್ಟರು ಮೂರು ಮೊಹರನ್ನೂ ಬೆರಳಿಟ್ಟು ನೋಡಿದರು. "ಹಾಗಾದ್ರೆ ಅದಲ್ಲ ಬಿಡಿ. ಟಾನ್ಸಿಲ್ ಇರುತ್ತೆ. ಈ ಸಿರಪ್ ಕೊಡಿ. ಕಡಿಮೆ ಆಗದಿದ್ರೆ ಗುರುವಾರ ಬನ್ನಿ."

ಪಕ್ಕದಲ್ಲಿ ನಿಂತಿದ್ದ ತಾಯಿಯ ತುಟಿ ಅಲುಗಿತು. ಆ ಒಂದು ಕ್ಷಣದಲ್ಲಿ ಅವಳು ಬಾಯಿ ಬಿಟ್ಟಿದ್ದರೆ! ಹೇಳಿದರೆ ಇಲ್ಲೇ ಚುಚ್ಚುತ್ತಾರೆ, ನಾದಿನಿಯ ಕೆಲಸ ಹೋಗುತ್ತದೆ, ಗಂಡ ಹೊರಗೆ ಹಾಕುತ್ತಾನೆ. ಅವಳ ತಲೆಯಲ್ಲಿ ಏನೇನು ಓಡಿತೋ, ಅಷ್ಟರಲ್ಲಿ "ಮುಂದಿನವರು" ಎಂದು ಕಾಂಪೌಂಡರ್ ಕೂಗಿದ.

ಊಟಕ್ಕೆ ಕೂತಾಗ ಮೆಕ್ಯಾನಿಕ್ ನಿರಾಳವಾಗಿದ್ದ. "ಗಂಟಲಮಾರಿ ಅಂತ ಹೆದರಿಸಿಬಿಟ್ಟಿದ್ರು. ಕಾರ್ಡ್ ನೋಡಿದ ಮೇಲೆ ಅದಲ್ಲ ಅಂದ್ರು."

ಆಯಾಳ ಕೈ ತಟ್ಟೆಯಲ್ಲೇ ನಿಂತಿತು. ಚೂಟಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಮರುದಿನ ಬೆಳಗ್ಗೆ ಪಾತ್ರೆ ತೊಳೆಯುವ ಕಡೆ ಆಯಾ ಅತ್ತಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಅತ್ತಿಗೆ, ಹೇಳಿಬಿಡೋಣ."

"ಇವತ್ತೊಂದು ದಿನ ತಡಿ. ಮೂರು ದಿನ ಅಂದಿದ್ದಾರೆ ಹಿರಿಯಕ್ಕ."

"ಅದು ಗಂಟಲಮಾರಿ ಆದ್ರೆ ತಡೆಯೋ ಹಾಗಿಲ್ಲ ಅತ್ತಿಗೆ. ನಾನು ಕೇಂದ್ರದಲ್ಲಿ ಕೇಳಿದ್ದೀನಿ."

"ನೀನೂ ಅವರ ಹಾಗೇ ಮಾತಾಡ್ತೀಯಾ? ಹೇಳಿದ್ರೆ ಚುಚ್ತಾರೆ. ಚುಚ್ಚಿದ್ರೆ ನನಗೆ ಇವನೂ ಇಲ್ಲ." ಅವಳು ಬೂದಿ ಮೆತ್ತಿದ ಕೈಯಲ್ಲೇ ನಾದಿನಿಯ ಕೈ ಹಿಡಿದಳು. "ನಿನ್ನ ಕಾಲು ಹಿಡಿತೀನಿ. ಇವತ್ತೊಂದು ದಿನ."

ಆಯಾ ಒಪ್ಪಿದಳು. ಅತ್ತಿಗೆಗೋಸ್ಕರ ಒಪ್ಪಿದೆ ಎಂದು ಅವಳು ಆಮೇಲೆ ಎಷ್ಟೋ ಸಲ ಹೇಳಿಕೊಂಡಳು. ತನ್ನ ಕೆಲಸ ಹೋಗುತ್ತದೆಂಬ ಭಯವೂ ಅದರಲ್ಲಿ ಇತ್ತು, ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅಂದು ಬುಧವಾರ. ಮಧ್ಯಾಹ್ನದವರೆಗೂ ಕೂತು ಊರ ಮಕ್ಕಳ ಕಾರ್ಡಿಗೆಲ್ಲ ಮೊಹರು ಒತ್ತಿದಳು.

ಮೂರು ಗಂಟೆಗೆ ಮನೆಗೆ ಬಂದರೆ ಬೀದಿಗೇ ಸದ್ದು ಕೇಳಿಸುತ್ತಿತ್ತು. ಡುಮ್ಮ ಎಳೆಯುತ್ತಿದ್ದ ಒಂದೊಂದು ಉಸಿರೂ ಗರಗಸ ಎಳೆದಂತಿತ್ತು. ತುಟಿ ನೀಲಿಗಟ್ಟಿತ್ತು. ಅಜ್ಜಿ ಎದೆ ಬಡಿದುಕೊಳ್ಳುತ್ತಿದ್ದಳು. ತಾಯಿ ಕಣ್ಣು ಮುಚ್ಚಿ, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಪ್ರಾರ್ಥಿಸುತ್ತಿದ್ದಳು.

ಆಯಾ ಚಪ್ಪಲಿ ಬಿಟ್ಟೇ ಡಿಪೋಗೆ ಓಡಿದಳು. ಅಣ್ಣ ಬಸ್ಸಿನ ಕೆಳಗಿನ ಗುಂಡಿಯಲ್ಲಿ ನಿಂತು ನಟ್ಟು ಬಿಗಿಯುತ್ತಿದ್ದ. ಅವಳು ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು.

"ಅಣ್ಣಾ, ಬಾ. ಮಗೂಗೆ ಉಸಿರಾಡೋಕಾಗ್ತಿಲ್ಲ. ಕಾರ್ಡು ಸುಳ್ಳು ಅಣ್ಣಾ."

"ಏನ್ ಸುಳ್ಳು?"

"ಡುಮ್ಮನ ಕಾರ್ಡು. ಒಂದು ಸೂಜಿನೂ ಹಾಕಿಸಿಲ್ಲ. ನಾನೇ ಮೊಹರು ಒತ್ತಿದ್ದು."

ಅವನು ಅವಳನ್ನು ಹೊಡೆಯಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು ಮೇಲೆ ಹತ್ತಿದವನು, ಅವಳು ಅಲ್ಲಿಲ್ಲವೆಂಬಂತೆ ದಾಟಿಕೊಂಡು ಓಡಿದ.

ದೊಡ್ಡಾಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಟ್ಟರು. ಇದಕ್ಕೆ ಬೇಕಾದ ಔಷಧಿ ಅಲ್ಲಿರಲಿಲ್ಲ, ಇನ್ನೊಂದು ಆಸ್ಪತ್ರೆಯಿಂದ ತರಿಸಿ ಚುಚ್ಚುವ ಹೊತ್ತಿಗೆ ದೀಪ ಹತ್ತಿತ್ತು. "ನಿನ್ನೆ ಸಂಜೆ ಬಂದಿದ್ರೆ," ಎಂದು ಶುರುಮಾಡಿದ ಡಾಕ್ಟರಮ್ಮ ಮೆಕ್ಯಾನಿಕ್‌ನ ಮುಖ ನೋಡಿ ಮಾತು ನಿಲ್ಲಿಸಿದಳು. ಗಂಟಲಮಾರಿಯ ವಿಷ ಆಗಲೇ ಹೃದಯಕ್ಕೆ ಏರಿತ್ತು. ಮರುದಿನ ಬೆಳಗ್ಗೆ, ವಾರ್ಡಿನಲ್ಲಿ ಬ್ರೆಡ್ಡು ಹಾಲು ಹಂಚುತ್ತಿದ್ದ ಹೊತ್ತಿಗೆ ಡುಮ್ಮ ಹೋದ.

ತಾಯಿ ಅವನ ತೊಡೆ ಸವರಿ ಸವರಿ ನೋಡಿದಳು. ಅಲ್ಲಿ ಈ ಸಲ ನಿಜವಾದ ಸೂಜಿಯ ಗುರುತಿತ್ತು.

"ನಿನ್ನೆವರೆಗೂ ಇದ್ದ. ಚುಚ್ಚಿದ ಮೇಲೆ ಹೋದ," ಎಂದಳು. "ಅವನೂ ಹೀಗೇ ಹೋಗಿದ್ದು."

ಡಾಕ್ಟರಮ್ಮ ಹೇಳಿದಳು, ನರ್ಸುಗಳು ಹೇಳಿದರು. ಆ ಮಾತುಗಳು ಅವಳ ಕಿವಿಗೆ ಬೀಳಲೇ ಇಲ್ಲ. ಕಣ್ಣಾರೆ ಎರಡು ಸಲ ಕಂಡವಳಿಗೆ ಯಾರು ಏನು ಹೇಳುವುದು!

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಜಗಳವಾಗದೆ ಒಂದು ಹೊತ್ತಿನ ಊಟವೂ ಮುಗಿಯಲಿಲ್ಲ. ಆಯಾಳ ಕೆಲಸ ಹೋಯಿತು. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳುತ್ತಿರಲಿಲ್ಲ. ಹೆಂಡತಿಯನ್ನು ತವರಿಗೆ ಕಳಿಸುವ ಮಾತನ್ನು ಮಾತ್ರ ಮೆಕ್ಯಾನಿಕ್ ಎತ್ತಲಿಲ್ಲ. ಕಳಿಸಿದರೆ ಗಂಜಿ ಕಾಯಿಸುವವರು ಯಾರು? ತಂಗಿ ಬಡಿಸಿದರೆ ಅವನು ತಟ್ಟೆಯನ್ನು ಮುಟ್ಟುತ್ತಿರಲಿಲ್ಲ. ಪ್ರಾರ್ಥನಾ ಮನೆಯ ಹೆಂಗಸರು ಮತ್ತೆ ಬಂದು ತಾಯಿಯ ತಲೆ ಬಾಚಿದರು, ಮತ್ತೆ ತುತ್ತು ಕಲಸಿದರು. ಅವಳು ಅವರ ಕೈಯಲ್ಲಿ ಮಾತ್ರ ಉಂಡಳು.

ಗಂಟಲಮಾರಿ ಇನ್ನೂ ಮೂರು ಮನೆಗಳಿಗೆ ಬಂತು. ಬೀದಿಯ ಮಕ್ಕಳಿಗೆಲ್ಲ ಮನೆಮನೆಗೆ ಬಂದು ಲಸಿಕೆ ಹಾಕುತ್ತಾರೆ ಎಂದು ಆಟೋದಲ್ಲಿ ಕೂಗಿಕೊಂಡು ಹೋದರು. ಮೆಕ್ಯಾನಿಕ್ ಹೆಂಡತಿಯ ಮುಂದೆ ನಿಂತ.

"ನಾಳೆ ಬರ್ತಾರೆ. ಚೂಟಿಗೆ ಹಾಕಿಸು. ಇವಳು ಶಾಲೆಗೆ ಸೇರೋ ಹೊತ್ತಿಗೆ ಹಾಕಿಸ್ಬೇಕಾಗಿದ್ದನ್ನೂ ನೀನು ತಪ್ಪಿಸಿದ್ದೀಯಂತೆ. ಗೊತ್ತಾಯ್ತು."

ಅವಳು ಗುಂಡಿಗೆ ದಾರ ಸುತ್ತುತ್ತಲೇ ಇದ್ದಳು. ಅವಳ ಕಣ್ಣಿಂದ ನೀರು ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. "ನನಗೆ ಉಳಿದಿರೋದು ಇವಳೊಬ್ಬಳು," ಎಂದಳು.

"ಅದಕ್ಕೇ ಹೇಳ್ತಿರೋದು!" ಎಂದು ಅವನು ಕಿರುಚಿದ. ಚೂಟಿ ಬಾಗಿಲ ಹಿಂದೆ ನಿಂತಿದ್ದಳು.

ಮರುದಿನ ಆಯಾ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ ಕೇಳಲು ಹೋಗಿ ಸಂಜೆ ಐದಕ್ಕೆ ಬಂದಳು. ಬಾಗಿಲ ಮೇಲೆ ಲಸಿಕೆಯವರು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು. ಅವಳ ಎದೆ ಹಗುರಾಯಿತು. ಒಳಗೆ ಅತ್ತಿಗೆ ಬಾಗಿಲಿಗೆ ಬೆನ್ನು ಮಾಡಿ ಹೊಲಿಯುತ್ತಿದ್ದಳು. ಚೂಟಿ ತೋಳು ಮುಂದೆ ಮಾಡಿ ತೋರಿಸಿದಳು.

ಹತ್ತಿಯ ಮೇಲೆ ಎರಡು ತುಂಡು ಪ್ಲಾಸ್ಟರ್, ಅಡ್ಡ ಮತ್ತು ಉದ್ದ. ತುದಿ ಚೂರು ಮಡಿಸಿತ್ತು.

ಲಸಿಕೆಯವರು ಅಂಟಿಸುವುದು ರೆಡಿಮೇಡ್ ದುಂಡನೆಯದು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ತೋಳಲ್ಲೆಲ್ಲ ಅದನ್ನು ಆಯಾ ಈಗಷ್ಟೇ ನೋಡಿಕೊಂಡು ಬಂದಿದ್ದಳು. ಅವಳು ತನ್ನ ಟ್ರಂಕು ತೆಗೆದಳು. ಕೇಂದ್ರದಲ್ಲಿದ್ದಾಗ ತಂದಿಟ್ಟಿದ್ದ ಪ್ಲಾಸ್ಟರಿನ ಸುರುಳಿಯ ಜಾಗ ಬದಲಾಗಿತ್ತು.

ಚೂಟಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. "ಯಾರು ಅಂಟಿಸಿದ್ದು ಪುಟ್ಟಾ?"

ಹುಡುಗಿ ಪ್ಲಾಸ್ಟರಿನ ಮೇಲೆ ಅಂಗೈ ಮುಚ್ಚಿದಳು.

"ಅಮ್ಮನಾ?"

"ಅಮ್ಮನಿಗೆ ಗೊತ್ತಿಲ್ಲ, ಹಿತ್ತಲಲ್ಲಿದ್ಲು. ನಾನೇ. ಅವರು ಬಂದ್ರು, ಶಾಲೇಲಿ ಹಾಕಿದ್ರು ಅಂದೆ. ಇದನ್ನ ನೋಡಿ ಬಾಗಿಲಿಗೆ ಗುರುತು ಹಾಕಿ ಹೋದ್ರು." ಚೂಟಿ ದನಿ ಇಳಿಸಿದಳು. "ಊಟದ ಹೊತ್ತಲ್ಲಿ ಜಗಳ ಬೇಡ ಅಲ್ವಾ ಅತ್ತೆ? ಅಪ್ಪನಿಗೆ ಹೇಳ್ಬೇಡ."

ಆಯಾ ಅವಳ ತಲೆ ಸವರಿದಳು. ತಾನು ಮಾಡಿದ್ದು ಅವಳಿಗೆ ಅಲ್ಲಿಯವರೆಗೆ ಪೂರ್ತಿ ಅರ್ಥವಾಗಿರಲಿಲ್ಲ.

ಆರಕ್ಕೆ ಅಣ್ಣ ಬಂದ. ಬಾಗಿಲ ಗುರುತನ್ನು ಬೆರಳಲ್ಲಿ ಮುಟ್ಟಿ ಒಳಗೆ ಬಂದವನ ಮುಖ ಎಷ್ಟೋ ದಿನದ ಮೇಲೆ ತುಸು ತಿಳಿಯಾಗಿತ್ತು. ಆಯಾ ತಡಮಾಡಲಿಲ್ಲ. ತಡಮಾಡಿದರೆ ಏನಾಗುತ್ತದೆ ಎಂಬುದು ಅವಳಿಗೆ ಈಗ ಗೊತ್ತಿತ್ತು.

"ಅಣ್ಣಾ, ಚೂಟಿಗೆ ಹಾಕಿಸಿಲ್ಲ. ಆ ಪ್ಲಾಸ್ಟರ್ ಖಾಲಿ. ಅವಳೇ ಅಂಟಿಸಿಕೊಂಡಿದ್ದಾಳೆ."

ತಿಂಗಳಾದ ಮೇಲೆ ಅವನು ತಂಗಿಯ ಮುಖ ನೋಡಿದ. ಆಮೇಲೆ ಮಗಳನ್ನು ಹತ್ತಿರ ಕರೆದ. "ಬಾಮ್ಮ ಇಲ್ಲಿ. ಹಾಕಿಸ್ಕೊಂಡ್ಯಾ?"

"ಹೂಂ ಅಪ್ಪ."

ಅವನು ಮಡಿಸಿದ ತುದಿ ಹಿಡಿದು ಪ್ಲಾಸ್ಟರನ್ನು ಮೆಲ್ಲಗೆ ಬಿಡಿಸಿದ. ಹತ್ತಿಯಲ್ಲಿ ರಕ್ತದ ಚುಕ್ಕೆಯಿತ್ತು. ತೋಳಿನ ಮೇಲೆ ಕೆಂಪಗೆ ಚುಚ್ಚಿದ ಗುರುತು, ಸುತ್ತ ಸ್ವಲ್ಪ ಊದಿತ್ತು.

ಆಯಾ ತಿರುಗಿ ಅತ್ತಿಗೆಯ ಗುಂಡಿ ಡಬ್ಬಿಯ ಕಡೆ ನೋಡಿದಳು. ಅದರ ಅಂಚಿನ ಬಟ್ಟೆಗೆ ಸೂಜಿಗಳು ಸಾಲಾಗಿ ಚುಚ್ಚಿಕೊಂಡು ನಿಂತಿದ್ದವು.

"ಅದು ಹೊಲಿಗೆ ಸೂಜಿ ಅಣ್ಣಾ! ಅವಳೇ ಚುಚ್ಚಿಕೊಂಡಿದ್ದಾಳೆ. ಕೇಳು ಅವಳನ್ನ!"

"ಏಳು ವರ್ಷದ ಕೂಸು ತನ್ನ ತೋಳಿಗೆ ತಾನೇ ಸೂಜಿ ಚುಚ್ಚಿಕೊಳ್ಳುತ್ತಾ?" ಅವನ ದನಿ ಏರಲಿಲ್ಲ. "ನೀನು ಮೂರು ಸಲ ಮೊಹರು ಒತ್ತಿದಾಗ ನಂಬಿದೆ. ಈಗ ಕಣ್ಣ ಮುಂದೆ ರಕ್ತ ಕಾಣ್ತಿದೆ, ಈಗಲೂ ನಿನ್ನ ಮಾತೇ ನಂಬಬೇಕಾ?"

"ನಾಳೆ ನಾನೇ ಕೇಂದ್ರಕ್ಕೆ ಕರ್ಕೊಂಡು ಹೋಗ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ."

"ಎರಡೆರಡು ಸಲ ಚುಚ್ಚಿಸಿ ಇವಳನ್ನೂ ಮುಗಿಸ್ತೀಯಾ? ಇನ್ನು ನನ್ನ ಮಗಳನ್ನ ಮುಟ್ಟಬೇಡ. ಬೆಳಗಾದ್ರೆ ನಿನ್ನ ಟ್ರಂಕು ತಗೊಂಡು ಹೊರಡು."

ಹೊಲಿಯುತ್ತಿದ್ದ ತಾಯಿ ಅಷ್ಟು ಹೊತ್ತಿಗೆ ತಿರುಗಿದ್ದಳು. ಮಗಳ ತೋಳು ನೋಡಿದಳು, ಗುಂಡಿ ಡಬ್ಬಿ ನೋಡಿದಳು. ಅವಳಿಗೆ ತಿಳಿಯಿತು. ತಿಳಿದವಳು ಎದ್ದು, ಕೈ ತೊಳೆದುಕೊಂಡು ಅನ್ನ ಬಡಿಸಲು ಒಳಗೆ ಹೋದಳು.

ಮೆಕ್ಯಾನಿಕ್ ಪ್ಲಾಸ್ಟರನ್ನು ಮತ್ತೆ ಅದೇ ಜಾಗಕ್ಕೆ ಇಟ್ಟು ಹೆಬ್ಬೆರಳಲ್ಲಿ ಒತ್ತಿದ. "ನೋಯುತ್ತಾ ಕಂದಾ?"

"ಇಲ್ಲಪ್ಪ," ಎಂದಳು ಚೂಟಿ.

ಅಂದು ಎಷ್ಟೋ ವಾರಗಳ ಮೇಲೆ ಆ ಮನೆಯಲ್ಲಿ ಜಗಳವಿಲ್ಲದೆ ಊಟ ಮುಗಿಯಿತು.